ಹಳೆಯ ಬಾರ್ಜನ್ನು ವಾಸದ ದೋಣಿ ಮಾಡುವುದು: ಯಾರ್ಡಿನ ಕೆಲಸ ಹಂತ ಹಂತವಾಗಿ

ಕೆಮ್ಮಣ್ಣು, ಕೋಡಿಬೆಂಗ್ರೆಯ ಹಿನ್ನೀರಿನಲ್ಲಿ ಹೌಸ್‌ಬೋಟುಗಳು ಓಡಾಡತೊಡಗಿದ ಮೇಲೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: "ಹಳೆಯ ಸ್ಟೀಲ್ ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ತಳದ ದೋಣಿ) ಒಂದು ಸಿಗುತ್ತಿದೆ. ಅದರಲ್ಲೇ ವಾಸ ಮಾಡುವ ಹಾಗೆ ಸರಿ ಮಾಡಿಸಬಹುದೇ?" ಮಾಡಿಸಬಹುದು. ಆದರೆ ಕೇಳುವವರಲ್ಲಿ ಹೆಚ್ಚಿನವರು ಅಡುಗೆಕೋಣೆಯ ನಕ್ಷೆ ಕೈಯಲ್ಲಿ ಹಿಡಿದೇ ಬಂದಿರುತ್ತಾರೆ, ತಳದ ತಗಡು ಎಷ್ಟು ದಪ್ಪ ಉಳಿದಿದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ನೀರಿನ ಕೆಳಗಿನ ಕೆಲಸ ಮುಗಿಯುವವರೆಗೆ ಒಳಗಿನ ಕೆಲಸಕ್ಕೆ ಒಂದು ಹಲಗೆಯನ್ನೂ ಕೊಳ್ಳಬೇಡಿ. ಈ ಲೇಖನದ ಅರ್ಧಕ್ಕಿಂತ ಹೆಚ್ಚು ಭಾಗ ತಳದ ಬಗ್ಗೆಯೇ ಇರುವುದು ಅದಕ್ಕೇ.

ಲೆಕ್ಕಗಳು ಅರ್ಥವಾಗಲೆಂದು ಒಂದೇ ಉದಾಹರಣೆ ಇಟ್ಟುಕೊಳ್ಳೋಣ: 15 ಮೀಟರ್ ಉದ್ದ, 4 ಮೀಟರ್ ಅಗಲ, ಚಪ್ಪಟೆ ತಳ, ನೀರಿನೊಳಗೆ 70 ಸೆಂ.ಮೀ. ಮುಳುಗುವ ಬಾರ್ಜ್. ಕಟ್ಟಿದಾಗ ತಳದ ತಗಡು 6 ಮಿ.ಮೀ. ನಿಮ್ಮದು ಬೇರೆ ಅಳತೆಯದಾದರೆ ಅಂಕಿಗಳನ್ನು ಬದಲಿಸಿಕೊಳ್ಳಿ.

ಮೊದಲು ತಿಂಗಳು ಗೊತ್ತು ಮಾಡಿ

ಕರಾವಳಿಯಲ್ಲಿ ಈ ಕೆಲಸಕ್ಕೆ ಸಿಗುವುದು ದೀಪಾವಳಿ ಕಳೆದ ಮೇಲಿನಿಂದ ಪತ್ತನಾಜೆಯವರೆಗಿನ ಅವಧಿ ಮಾತ್ರ, ಅಂದರೆ ನವೆಂಬರ್‌ನಿಂದ ಮೇ ನಾಲ್ಕನೇ ವಾರ. ಅದಕ್ಕೆ ಎರಡು ಕಾರಣ. ಮಳೆಗಾಲದ ತೇವದಲ್ಲಿ ಕಬ್ಬಿಣಕ್ಕೆ ಹಚ್ಚಿದ ಬಣ್ಣ ನಿಲ್ಲುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ ಇರುವುದರಿಂದ ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ದಡ ಸೇರುತ್ತವೆ. ಆಗ ಮಲ್ಪೆಯಿಂದ ಬೆಂಗ್ರೆಯವರೆಗೆ ದೋಣಿ ರಿಪೇರಿಯ ಯಾವ ಯಾರ್ಡಿನಲ್ಲೂ ನಿಮಗೆ ಜಾಗ ಸಿಗದು, ವೆಲ್ಡರ್ ಸಿಗುವುದು ಇನ್ನೂ ಕಷ್ಟ. ಡಿಸೆಂಬರಿನಲ್ಲಿ ಬಾರ್ಜ್ ದಡದಲ್ಲಿರಬೇಕು ಎಂದಾದರೆ ಸೆಪ್ಟೆಂಬರಿನಲ್ಲೇ ಯಾರ್ಡಿನವರ ಹತ್ತಿರ ಮಾತಾಡಿ.

ಕಾಗದಪತ್ರವೂ ಆಗಲೇ ಶುರುವಾಗಲಿ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಎಂಜಿನ್ ಇರುವ ದೋಣಿಗೆ ಸರ್ವೆ (ಅಧಿಕೃತ ತಪಾಸಣೆ) ಮತ್ತು ನೋಂದಣಿ ಎರಡೂ ಬೇಕು. ಸರಕು ಸಾಗಿಸುತ್ತಿದ್ದ ಬಾರ್ಜನ್ನು ವಾಸಕ್ಕೆ ಬದಲಿಸುವುದು ದೊಡ್ಡ ಮಾರ್ಪಾಡು. ಕೆಲಸ ಮುಗಿಸಿ ಸರ್ವೇಯರನ್ನು ಕರೆದರೆ ಮುಚ್ಚಿದ್ದನ್ನೆಲ್ಲ ಬಿಚ್ಚಿಸುವ ಪ್ರಸಂಗ ಬರುತ್ತದೆ. ನಕ್ಷೆಯನ್ನು ಮೊದಲೇ ತೋರಿಸಿ, ಯಾವ ಹಂತದಲ್ಲಿ ನೋಡಲು ಬರುತ್ತಾರೆಂದು ಬರಹದಲ್ಲಿ ಪಡೆಯಿರಿ.

ಹಂತ 1: ಕೊಳ್ಳುವ ಮೊದಲು ದಪ್ಪ ಅಳೆಸಿ

ಅಲ್ಟ್ರಾಸೋನಿಕ್ ಗೇಜ್ ಎಂಬ ಕೈಗಾತ್ರದ ಉಪಕರಣ ತಗಡನ್ನು ಕೊರೆಯದೆಯೇ ಅದರ ದಪ್ಪ ಹೇಳುತ್ತದೆ. ತಳವನ್ನು 50 ಸೆಂ.ಮೀ. ಚೌಕಗಳಾಗಿ ಸೀಮೆಸುಣ್ಣದಲ್ಲಿ ಗುರುತಿಸಿ ಪ್ರತಿ ಮೂಲೆಯಲ್ಲೂ ಅಳೆಸಿ. ನಮ್ಮ ಉದಾಹರಣೆಯ ತಳಕ್ಕೇ ಸುಮಾರು 280 ಅಳತೆ ಬರುತ್ತದೆ. "ಹತ್ತಿಪ್ಪತ್ತು ಕಡೆ ನೋಡಿದೆವು, ಚೆನ್ನಾಗಿದೆ" ಎಂಬ ವರದಿಗೆ ಬೆಲೆಯಿಲ್ಲ. ಬಣ್ಣದ ಪದರದ ಮೇಲಿಂದ ಅಳೆದರೆ ಸಾಧಾರಣ ಗೇಜ್ ಬಣ್ಣವನ್ನೂ ಸೇರಿಸಿ ಹೆಚ್ಚು ತೋರಿಸುತ್ತದೆ. ಆದ್ದರಿಂದ ಆ ಬಿಂದುಗಳಲ್ಲಿ ಬಣ್ಣ ಕೆರೆಯಿಸಿ, ಇಲ್ಲವೇ ಬಣ್ಣವನ್ನು ಬಿಟ್ಟು ಅಳೆಯುವ ಗೇಜ್ ಕೇಳಿ.

ಹೆಚ್ಚು ತಿಂದುಹೋಗಿರುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಬಾರ್ಜುಗಳಲ್ಲೂ ಒಂದೇ: ನೀರಿನ ಮಟ್ಟದ ಪಟ್ಟಿ, ತಳ ಮತ್ತು ಬದಿ ಕೂಡುವ ಮೂಲೆ, ಎಂಜಿನ್ನಿನ ಅಡಿ, ಹಳೆಯ ಟ್ಯಾಂಕುಗಳ ಅಡಿ. ಹೊರಗಿನ ನದಿ ನೀರಿಗಿಂತ ಒಳಗೆ ನಿಂತ ಮಳೆನೀರೇ ಹೆಚ್ಚು ಬಾರ್ಜುಗಳನ್ನು ಕೊಂದಿದೆ.

6 ಮಿ.ಮೀ. ತಗಡು 4ಕ್ಕಿಂತ ಕೆಳಗಿಳಿದ ಕಡೆ ಬದಲಿಸಬೇಕು. ಹಾಗೆ ಬದಲಿಸಬೇಕಾದ ಭಾಗ ತಳದ ಮೂರನೇ ಒಂದನ್ನು ಮೀರಿದರೆ ಆ ಬಾರ್ಜನ್ನು ಬಿಟ್ಟುಬಿಡಿ ಎಂಬುದು ನಮ್ಮ ಸಲಹೆ. ಮಾರುವವರು ಎಷ್ಟೇ ಇಳಿಸಿಕೊಟ್ಟರೂ ಅದು ಅಗ್ಗವಾಗುವುದಿಲ್ಲ.

ಹಂತ 2: ದಡಕ್ಕೆ ಎಳೆಯುವುದು

ಇಲ್ಲಿನ ಉಬ್ಬರ-ಇಳಿತದ ಅಂತರ ದೊಡ್ಡ ದಿನಗಳಲ್ಲೂ ಸುಮಾರು ಒಂದೂವರೆ ಮೀಟರ್. ಆದ್ದರಿಂದ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ಉಬ್ಬರಕ್ಕೆ ದಿನ ಇಡಿ. ಎಳೆಯುವ ಮೊದಲು ಟ್ಯಾಂಕುಗಳ ನೀರು, ಡೀಸೆಲ್, ಬಿಡಿ ಸಾಮಾನು ಎಲ್ಲ ಖಾಲಿ ಮಾಡಿ.

ತಳದ ಅಡಿಗೆ ಇಡುವ ಮರದ ದಿಮ್ಮಿಗಳು ಒಳಗಿನ ಅಡ್ಡಗೋಡೆ ಮತ್ತು ಪಕ್ಕೆಲುಬುಗಳ, ಅಂದರೆ ಫ್ರೇಮುಗಳ, ನೇರ ಕೆಳಗೇ ಬರಬೇಕು. ಎರಡು ಫ್ರೇಮುಗಳ ನಡುವಿನ ಬರಿಯ ತಗಡಿನ ಮೇಲೆ ಭಾರ ಬಿದ್ದರೆ ತಳ ಒಳಕ್ಕೆ ತಗ್ಗುತ್ತದೆ. ಫ್ರೇಮುಗಳ ಸ್ಥಾನವನ್ನು ಹೊರಬದಿಯಲ್ಲಿ ಬಣ್ಣದಿಂದ ಮೊದಲೇ ಗುರುತು ಹಾಕಿಕೊಡಿ. ನೆಲದಿಂದ ತಳಕ್ಕೆ ಕನಿಷ್ಠ 80 ಸೆಂ.ಮೀ. ಎತ್ತರ ಕೇಳಿ. ಅದಕ್ಕಿಂತ ಕಡಿಮೆಯಾದರೆ ವೆಲ್ಡರ್ ಅಂಗಾತ ಮಲಗಿ ಬೆಸೆಯಬೇಕಾಗುತ್ತದೆ, ಹಾಗೆ ಬೆಸೆದ ಕೆಲಸ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಹಂತ 3: ತೊಳೆಯುವುದು, ಮುಚ್ಚಿದ ಕೋಣೆ ತೆರೆಯುವುದು

ದಡಕ್ಕೆ ಬಂದ ದಿನವೇ, ತಳ ಒದ್ದೆಯಾಗಿರುವಾಗಲೇ, ಚಿಪ್ಪು ಮತ್ತು ಪಾಚಿಯನ್ನು ಕೆರೆದು ತೆಗೆಸಿ. ಒಣಗಿದ ಮೇಲೆ ಅದೇ ಕೆಲಸಕ್ಕೆ ಮೂರು ಪಟ್ಟು ಶ್ರಮ. ನಂತರ ಸಿಹಿನೀರಿನ ಪ್ರೆಶರ್ ವಾಶ್. ಬೋರ್‌ವೆಲ್ ನೀರು ಉಪ್ಪಾಗಿರುವ ಜಾಗಗಳಲ್ಲಿ ಟ್ಯಾಂಕರ್ ನೀರು ತರಿಸಿ, ಏಕೆಂದರೆ ತಗಡಿನ ಮೇಲೆ ಉಳಿದ ಉಪ್ಪು ಬಣ್ಣದ ಅಡಿಯಲ್ಲಿ ತೇವ ಹೀರಿ ಗುಳ್ಳೆ ಎಬ್ಬಿಸುತ್ತದೆ.

ಈಗ ಈ ಲೇಖನದ ಅತಿ ಮುಖ್ಯ ಎಚ್ಚರಿಕೆ. ಬಾರ್ಜುಗಳಲ್ಲಿ ಮ್ಯಾನ್‌ಹೋಲ್ ಮುಚ್ಚಿ ವರ್ಷಗಟ್ಟಲೆ ತೆರೆಯದ ಖಾಲಿ ಕೋಣೆಗಳಿರುತ್ತವೆ. ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತ ಅಲ್ಲಿನ ಆಮ್ಲಜನಕವನ್ನೆಲ್ಲ ತಿಂದು ಮುಗಿಸಿರುತ್ತದೆ. ವಾಸನೆ ಇರುವುದಿಲ್ಲ, ಸೂಚನೆ ಇರುವುದಿಲ್ಲ, ಇಳಿದವರು ಕೆಲವೇ ಕ್ಷಣಗಳಲ್ಲಿ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಎರಡು ಮ್ಯಾನ್‌ಹೋಲ್‌ಗಳನ್ನೂ ತೆರೆದು, ಬ್ಲೋವರ್‌ನಿಂದ ಕನಿಷ್ಠ ಒಂದು ದಿನ ಗಾಳಿ ಹಾಯಿಸಿ, ಆಮ್ಲಜನಕದ ಮೀಟರ್ ಕೆಳಗಿಳಿಸಿ ನೋಡಿ. ಹೊರಗಿನ ಗಾಳಿಯಲ್ಲಿ ಅದು 20.9 ಶೇಕಡಾ ಇರುತ್ತದೆ. ಒಳಗೆ 19.5ಕ್ಕಿಂತ ಕಡಿಮೆ ತೋರಿಸಿದರೆ ಯಾರೂ ಇಳಿಯಬಾರದು. ಹಳೆಯ ಡೀಸೆಲ್ ಟ್ಯಾಂಕಿನ ಹತ್ತಿರ ಬೆಸುಗೆ ಇದ್ದರೆ ಟ್ಯಾಂಕನ್ನು ತೊಳೆಸಿ ಗ್ಯಾಸ್ ಪರೀಕ್ಷೆ ಮಾಡಿಸದೆ ಕಿಡಿ ತಾಗಿಸಬೇಡಿ.

ಹಂತ 4: ತಗಡು ಬದಲಿಸುವುದು

ಯಾರ್ಡಿನಲ್ಲಿ ನಿಮ್ಮ ಮುಂದೆ ಎರಡು ದಾರಿ ಇಡುತ್ತಾರೆ. ಒಂದು, ಕೆಟ್ಟ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಕೂರಿಸುವುದು. ಎರಡು, ಹಳೆಯದರ ಮೇಲೆಯೇ ಹೊಸ ತಗಡು ಹೊದಿಸಿ ಸುತ್ತ ಬೆಸೆಯುವುದು, ಇದಕ್ಕೆ ಡಬ್ಲರ್ ಎನ್ನುತ್ತಾರೆ. ಎರಡನೆಯದು ಬೇಗ ಮುಗಿಯುತ್ತದೆ, ಅದಕ್ಕೇ ಎಲ್ಲರಿಗೂ ಪ್ರಿಯ. ಆದರೆ ಎರಡು ಪದರಗಳ ನಡುವೆ ಸೇರಿದ ನೀರು ಹೊರಬರುವುದಿಲ್ಲ, ಅಡಿಯ ತಗಡು ಕಾಣದಂತೆ ಕರಗುತ್ತ ಹೋಗುತ್ತದೆ. ತೂಕವೂ ಏರುತ್ತದೆ: 6 ಮಿ.ಮೀ. ತಗಡು ಚದರ ಮೀಟರಿಗೆ 47 ಕಿಲೋ. ಇಡೀ ತಳಕ್ಕೆ ಹೊದಿಸಿದರೆ 2.8 ಟನ್, ದೋಣಿ ಸುಮಾರು 4.7 ಸೆಂ.ಮೀ. ಹೆಚ್ಚು ಮುಳುಗುತ್ತದೆ. ಕತ್ತರಿಸಿ ಕೂರಿಸುವುದನ್ನೇ ಒತ್ತಾಯಿಸಿ.

ಕೂರಿಸುವಾಗ ಗಮನಿಸಬೇಕಾದ್ದು:

- ತುಂಡು 30 ಸೆಂ.ಮೀ. ಚೌಕಕ್ಕಿಂತ ಚಿಕ್ಕದಾಗದಿರಲಿ. ಮೂಲೆಗಳನ್ನು ಕನಿಷ್ಠ 75 ಮಿ.ಮೀ. ತ್ರಿಜ್ಯದಲ್ಲಿ ದುಂಡಗೆ ಕತ್ತರಿಸಲಿ, ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ.
- ಎರಡೂ ಅಂಚುಗಳನ್ನು ಸುಮಾರು 30 ಡಿಗ್ರಿ ಓರೆ ತೆಗೆದು, ನಡುವೆ 2ರಿಂದ 3 ಮಿ.ಮೀ. ಸಂದು ಬಿಟ್ಟು ಬೆಸೆಯಬೇಕು. ಸಂದಿಲ್ಲದೆ ತಾಗಿಸಿ ಬೆಸೆದರೆ ಬೆಸುಗೆ ಮೇಲ್ಪದರದಲ್ಲೇ ಉಳಿಯುತ್ತದೆ.
- ಇ-7018 ರಾಡ್ ಬಳಸುವುದಾದರೆ ಅದನ್ನು ಓವನ್ನಿನಲ್ಲಿ 300ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಬಿಸಿಯಾಗಿಯೇ ಇಟ್ಟಿರಬೇಕು. ನಮ್ಮ ಗಾಳಿಯಲ್ಲಿ ತೆರೆದ ಪೊಟ್ಟಣ ಬೇಗ ತೇವ ಎಳೆಯುತ್ತದೆ, ತೇವದ ರಾಡಿನ ಬೆಸುಗೆಯಲ್ಲಿ ರಂಧ್ರ ಮತ್ತು ಬಿರುಕು.
- ಒಂದೇ ಕಡೆಯಿಂದ ಉದ್ದಕ್ಕೆ ಎಳೆಯದೆ, ಎದುರುಬದುರು ಬದಿಗಳಲ್ಲಿ ಗೇಣುದ್ದದ ತುಂಡುಗಳಾಗಿ ಬೆಸೆಯಲಿ. ಇಲ್ಲದಿದ್ದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ.

ಬೆಸುಗೆ ಸೋರುತ್ತದೆಯೇ ಎಂದು ನೋಡಲು ಹಳೆಯ ಸೀಮೆಎಣ್ಣೆ-ಸುಣ್ಣದ ಪರೀಕ್ಷೆ ಇಂದಿಗೂ ಒಳ್ಳೆಯದು. ಹೊರಗಿನಿಂದ ಬೆಸುಗೆಯ ಮೇಲೆ ಸುಣ್ಣದ ನೀರು ಬಳಿದು ಒಣಗಿಸಿ, ಒಳಗಿನಿಂದ ಸೀಮೆಎಣ್ಣೆ ಹಚ್ಚಿ, ಒಂದು ಗಂಟೆ ಬಿಟ್ಟು ನೋಡಿ. ಸುಣ್ಣದ ಮೇಲೆ ಎಣ್ಣೆಯ ಕಲೆ ಮೂಡಿದ ಕಡೆ ಕೆರೆದು ಮತ್ತೆ ಬೆಸೆಯಬೇಕು. ಬಣ್ಣಕ್ಕೆ ಮೊದಲು ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಲು ಮರೆಯಬೇಡಿ.

ಬಾರ್ಜಿನಲ್ಲಿ ಬ್ಯಾಟರಿ, ಆಲ್ಟರ್ನೇಟರ್ ಇದ್ದರೆ ವೆಲ್ಡಿಂಗಿಗೆ ಮೊದಲು ತಂತಿ ಕಳಚಿ. ವೆಲ್ಡಿಂಗ್ ಯಂತ್ರದ ಅರ್ಥ್ ಕ್ಲಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಇರಲಿ.

ಹಂತ 5: ಬಣ್ಣ

ಹಣ ಹೆಚ್ಚು ವ್ಯರ್ಥವಾಗುವುದು ಇಲ್ಲಿ. ಬಣ್ಣದ ಡಬ್ಬಿಗೆ ಖರ್ಚು ಮಾಡಿ, ಮೇಲ್ಮೈ ತಯಾರಿಗೆ ಚೌಕಾಸಿ ಮಾಡುತ್ತಾರೆ.

ತಗಡನ್ನು ಗ್ರಿಟ್ ಬ್ಲಾಸ್ಟಿಂಗ್‌ನಿಂದ (ಒತ್ತಡದ ಗಾಳಿಯಲ್ಲಿ ಕಾಪರ್ ಸ್ಲ್ಯಾಗ್ ಹರಳು ಎರಚುವುದು) ಎಸ್‌ಎ 2½ ಮಟ್ಟಕ್ಕೆ ತರಬೇಕು. ಅಂದರೆ ತುಕ್ಕು, ಹಳೆ ಬಣ್ಣ ಹೋಗಿ ಬೂದು ಬಿಳಿ ಲೋಹ ಕಾಣಬೇಕು, ಮಸುಕು ನೆರಳಷ್ಟೇ ಉಳಿಯಬಹುದು. ಬ್ಲಾಸ್ಟಿಂಗ್‌ಗೆ ಯಾರ್ಡ್ ಒಪ್ಪದಿದ್ದರೆ ಗ್ರೈಂಡರ್‌ನಲ್ಲಿ ಹೊಳೆಯುವಷ್ಟು ಉಜ್ಜಿಸಿ, ಸರ್ಫೇಸ್ ಟಾಲರೆಂಟ್ ಎಂಬ ಬಗೆಯ ಎಪಾಕ್ಸಿ (ಎರಡು ಭಾಗ ಕಲಸಿದಾಗ ಗಟ್ಟಿಯಾಗುವ ಬಣ್ಣ) ಹಾಕಿ. ಆಯುಷ್ಯ ಕಡಿಮೆ, ಆದರೂ ಮೋಸವಿಲ್ಲ.

ಬ್ಲಾಸ್ಟ್ ಮಾಡಿದ ತಗಡಿಗೆ ನಾಲ್ಕು ಗಂಟೆಯೊಳಗೆ ಮೊದಲ ಕೋಟ್ ಬೀಳಬೇಕು. ಸಂಜೆಯ ಕಡಲಗಾಳಿ ಬಿಟ್ಟರೆ ಕಣ್ಣೆದುರೇ ಕೆಂಪೇರುತ್ತದೆ. ಆದ್ದರಿಂದ ಒಂದು ದಿನದಲ್ಲಿ ಬಳಿಯಲು ಆಗುವಷ್ಟೇ ಜಾಗವನ್ನು ಬ್ಲಾಸ್ಟ್ ಮಾಡಿಸಿ. ಗಾಳಿಯ ತೇವ 85 ಶೇಕಡಾ ಮೀರಿದಾಗ ಬಳಿಯಬಾರದು. ತಗಡಿನ ತಾಪಮಾನ ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಜನವರಿಯಲ್ಲೂ ಬೆಳಗ್ಗೆ ಇಬ್ಬನಿ ಇರುತ್ತದೆ, ಆದ್ದರಿಂದ ಒಂಬತ್ತರ ನಂತರ ಶುರು ಮಾಡಿ ನಾಲ್ಕಕ್ಕೆ ನಿಲ್ಲಿಸುವುದು ಕ್ಷೇಮ.

ಬಣ್ಣ ಎಷ್ಟು ಬೇಕು? ನೀರಿನೊಳಗಿನ ವಿಸ್ತೀರ್ಣ: ತಳ 60, ಎರಡು ಬದಿ 21, ಎರಡು ತುದಿ ಸುಮಾರು 6, ಒಟ್ಟು 87 ಚದರ ಮೀಟರ್. ಡಬ್ಬಿಯ ಮೇಲೆ ಘನಾಂಶ 80 ಶೇಕಡಾ ಎಂದಿದ್ದು, ಒಣಗಿದ ಪದರ 125 ಮೈಕ್ರಾನ್ ಬೇಕೆಂದರೆ: 80ನ್ನು 10ರಿಂದ ಗುಣಿಸಿ 125ರಿಂದ ಭಾಗಿಸಿ, ಲೀಟರಿಗೆ 6.4 ಚದರ ಮೀಟರ್. ಅಂದರೆ ಕೋಟಿಗೆ 13.6 ಲೀಟರ್. ಕೊಂಡ ಬಣ್ಣದಲ್ಲಿ 35 ಶೇಕಡಾ ಗಾಳಿಗೆ, ಒರಟು ಮೇಲ್ಮೈಗೆ, ಬಕೆಟ್ಟಿನ ತಳಕ್ಕೆ ಹೋಗುತ್ತದೆಂದು ಹಿಡಿದು 13.6ನ್ನು 0.65ರಿಂದ ಭಾಗಿಸಿದರೆ 21 ಲೀಟರ್. ಮೂರು ಕೋಟಿಗೆ 63. ಬೆಸುಗೆ, ಅಂಚು, ಮೂಲೆಗಳಿಗೆ ಪ್ರತಿ ಕೋಟಿಗೂ ಮೊದಲು ಬ್ರಷ್ಷಿನಿಂದ ಒಂದು ಪಟ್ಟಿ ಎಳೆಸಿ, ಸ್ಪ್ರೇ ಬಣ್ಣ ಅಂಚುಗಳಲ್ಲಿ ತೆಳುವಾಗುತ್ತದೆ.

ಏಪ್ರಿಲ್ ಬಿಸಿಲಿನಲ್ಲಿ ಕಲಸಿದ ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ, ಚಿಕ್ಕ ಪ್ರಮಾಣದಲ್ಲಿ ಕಲಸಿ. ಎರಡು ಕೋಟುಗಳ ನಡುವಿನ ಗರಿಷ್ಠ ಅವಧಿ ಮೀರಿದರೆ ಮರಳು ಕಾಗದದಿಂದ ಉಜ್ಜದೆ ಮುಂದಿನದನ್ನು ಹಚ್ಚಬೇಡಿ, ಹಾಳೆಯಂತೆ ಸುಲಿದು ಬರುತ್ತದೆ.

ಕೊನೆಯಲ್ಲಿ ಆಂಟಿಫೌಲಿಂಗ್, ಅಂದರೆ ಚಿಪ್ಪು ಕೂರದಂತೆ ತಡೆಯುವ ಬಣ್ಣ, ಎರಡು ಕೋಟ್. ಮೀನುಗಾರಿಕೆ ಬೋಟಿನವರು ಹಾಕುವುದನ್ನೇ ಕೊಳ್ಳುವುದು ಸಾಮಾನ್ಯ ತಪ್ಪು. ಅವುಗಳಲ್ಲಿ ಹಲವು ದೋಣಿ ಓಡುವಾಗ ಸವೆಯುತ್ತ ಕೆಲಸ ಮಾಡುವ ಬಗೆ. ನಿಮ್ಮದು ತಿಂಗಳುಗಟ್ಟಲೆ ಕಟ್ಟಿ ನಿಲ್ಲುವ ದೋಣಿ, ಅದಕ್ಕೆ ಹೊಂದುವುದನ್ನು ಹೆಸರಿಟ್ಟು ಕೇಳಿ. ದಿಮ್ಮಿಗಳ ಅಡಿಯ ಜಾಗ ಹಾಗೇ ಉಳಿದಿರುತ್ತದೆ. ದಿಮ್ಮಿ ಸರಿಸಿ ಅಲ್ಲೂ ಪೂರ್ತಿ ಕೋಟ್ ಹಾಕಿಸಬೇಕೆಂದು ಒಪ್ಪಂದದಲ್ಲೇ ಬರೆಸಿ.

ಹಂತ 6: ಆನೋಡ್

ಆನೋಡ್ ಎಂದರೆ ದೋಣಿಯ ಒಡಲಿನ ಬದಲು ತಾನೇ ಕರಗಿ, ಒಡಲಿನ ಕಬ್ಬಿಣವನ್ನು ಉಳಿಸುವ ಲೋಹದ ತುಂಡು. ಸಮುದ್ರಕ್ಕೆ ಸತು, ಸಿಹಿನೀರಿಗೆ ಮೆಗ್ನೀಸಿಯಂ ಎಂಬುದು ವಾಡಿಕೆ. ನಮ್ಮ ಅಳಿವೆಗಳಲ್ಲಿ ಬೇಸಗೆಯಲ್ಲಿ ಉಪ್ಪುನೀರು ಮೇಲೇರುತ್ತದೆ, ಮಳೆಗಾಲದಲ್ಲಿ ಸ್ವರ್ಣಾ, ನೇತ್ರಾವತಿ ತುಂಬಿ ಹರಿದು ನೀರು ಸಿಹಿಯಾಗುತ್ತದೆ. ಎರಡಕ್ಕೂ ನಡುವೆ ತೂಗುವುದು ಅಲ್ಯೂಮಿನಿಯಂ ಆನೋಡ್. ಮೆಗ್ನೀಸಿಯಂ ಉಪ್ಪುನೀರಿನಲ್ಲಿ ಬೇಗ ಕರಗಿ ಹೋಗುವುದಲ್ಲದೆ ಬಣ್ಣವನ್ನೂ ಎಬ್ಬಿಸುತ್ತದೆ.

ಎಷ್ಟು ಕಿಲೋ? ಬಣ್ಣವಿರುವ ತಳವನ್ನು ಕಾಯಲು ಆನೋಡ್ ಕೊಡಬೇಕಾದ ಕರೆಂಟನ್ನು ಚದರ ಮೀಟರಿಗೆ 15 ಮಿಲಿಆಂಪಿಯರ್ ಎಂದು ಹಿಡಿದರೆ 87 ಚದರ ಮೀಟರಿಗೆ 1.3 ಆಂಪಿಯರ್. ಎರಡು ವರ್ಷ ಎಂದರೆ 17,520 ಗಂಟೆ, ಒಟ್ಟು ಸುಮಾರು 22,900 ಆಂಪಿಯರ್-ಗಂಟೆ. ಅಲ್ಯೂಮಿನಿಯಂ ಕಿಲೋಗೆ 2,500ರಷ್ಟು ಕೊಡುತ್ತದೆ, 85 ಶೇಕಡಾ ಮಾತ್ರ ಬಳಕೆಗೆ ಸಿಗುತ್ತದೆ. ಉತ್ತರ ಹತ್ತಿರ ಹತ್ತಿರ 11 ಕಿಲೋ. 3 ಕಿಲೋದ ನಾಲ್ಕು ತುಂಡು, ಬದಿಗೆ ಎರಡರಂತೆ ಬೆಸೆಯಿರಿ. ಬಣ್ಣ ಬಳಿಯುವ ಹುಡುಗರು ಅಂದ ಕಾಣಲೆಂದು ಅವಕ್ಕೂ ಬಣ್ಣ ಹಚ್ಚಿಬಿಡುತ್ತಾರೆ, ಟೇಪ್ ಸುತ್ತಿಡಿ. ಬಣ್ಣ ಬಿದ್ದ ಆನೋಡ್ ಸತ್ತ ಆನೋಡ್.

ಹಂತ 7: ಶಾಫ್ಟ್ ಮತ್ತು ಸೀ ಕಾಕ್

ಪ್ರೊಪೆಲರ್ ಶಾಫ್ಟನ್ನು ಕೈಯಲ್ಲಿ ಮೇಲೆ ಕೆಳಗೆ ಅಲುಗಿಸಿ ನೋಡಿ, ಕಣ್ಣಿಗೆ ಕಾಣುವಷ್ಟು ಆಡಿದರೆ ರಬ್ಬರ್ ಬೇರಿಂಗ್ ಬದಲಿಸಿ. ದಡದಲ್ಲಿರುವಾಗ ಸುಲಭ, ನೀರಿನಲ್ಲಿ ಅಸಾಧ್ಯ. ತಂಪಿಗೆ ನದಿ ನೀರೆಳೆಯುವ ಎಂಜಿನ್ ಇದ್ದರೆ ಮರಳು ಪಂಪನ್ನು ಸವೆಸುತ್ತದೆ. ತಳಕ್ಕೆ ಬೆಸೆದ ಕೊಳವೆಗಳಲ್ಲಿ ನೀರು ಸುತ್ತಿ ತಣ್ಣಗಾಗುವ ಕೀಲ್ ಕೂಲಿಂಗ್‌ಗೆ ಬದಲಿಸಲು ಇದೇ ಸಮಯ.

ನೀರು ಒಳಬರುವ ಪ್ರತಿ ತೂತಿಗೂ ಒಂದು ವಾಲ್ವ್ ಬೇಕು, ಅದೇ ಸೀ ಕಾಕ್. ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ವಾಲ್ವ್ ಬೇಡ, ಉಪ್ಪುನೀರಿನಲ್ಲಿ ಅದರ ಸತು ಕರಗಿ, ಉಳಿದ ತಾಮ್ರ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಕಂಚಿನದೇ ಆಗಬೇಕು. ಹೋಸಿಗೆ 316 ದರ್ಜೆಯ ಸ್ಟೇನ್‌ಲೆಸ್ ಕ್ಲಿಪ್ ಎರಡೆರಡು.

ಹಂತ 8: ತೂಕದ ಪುಸ್ತಕ

ನೀರಿನ ಮಟ್ಟದಲ್ಲಿ ನಮ್ಮ ಬಾರ್ಜಿನ ವಿಸ್ತೀರ್ಣ 60 ಚದರ ಮೀಟರ್, ಆದ್ದರಿಂದ ಪ್ರತಿ 600 ಕಿಲೋಗೆ ಅದು 1 ಸೆಂ.ಮೀ. ಮುಳುಗುತ್ತದೆ. ಒಂದು ಪುಸ್ತಕ ಇಡಿ. ಒಳಗೆ ಹೋಗುವ ಪ್ರತಿಯೊಂದರ ತೂಕ, ತಳದಿಂದ ಎಷ್ಟು ಎತ್ತರ, ಮಧ್ಯರೇಖೆಯಿಂದ ಎಷ್ಟು ದೂರ ಎಂದು ಬರೆಯಿರಿ.

ಛಾವಣಿಯ ಮೇಲೆ ಮಂಗಳೂರು ಹೆಂಚು ಹಾಕಬೇಕೆಂಬ ಆಸೆ ಬಹಳ ಜನರಿಗಿದೆ. ಚದರ ಮೀಟರಿಗೆ ಸುಮಾರು 15 ಹೆಂಚು, ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ 40 ಚದರ ಮೀಟರ್ ಛಾವಣಿಗೆ ಒಂದೂವರೆ ಟನ್, ಅದೂ ದೋಣಿಯ ಅತಿ ಎತ್ತರದಲ್ಲಿ. ನೋಡಲು ಚಂದ, ಮಗ್ಗುಲಿಗೆ ವಾಲಿದರೆ ಹಿಂದಿರುಗಲು ಬಿಡದು. ಮನೆಯಂತೆ ಛಾವಣಿಯ ಮೇಲೆ ನೀರಿನ ಟ್ಯಾಂಕ್ ಇಡುವುದೂ ಹಾಗೆಯೇ. ಟ್ಯಾಂಕ್ ತಳದಲ್ಲಿರಲಿ, ಒಳಗೆ ನೀರು ಹೊಯ್ದಾಡದಂತೆ ಅಡ್ಡತಡೆ ಇರಲಿ, ಒತ್ತಡಕ್ಕೆ ಪಂಪ್ ಸಾಕು.

ಇನ್ನೊಂದು: ಮಳೆಗಾಲದಲ್ಲಿ ನೀರು ಸಿಹಿಯಾದಾಗ ದೋಣಿ 2.5 ಶೇಕಡಾ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 1.7 ಸೆಂ.ಮೀ. ಹೆಚ್ಚು ಮುಳುಗುತ್ತದೆ. ಹೊರಹೋಗುವ ಪೈಪುಗಳ ಎತ್ತರವನ್ನು ಏಪ್ರಿಲಿನಲ್ಲಿ ನೋಡಿ ಗೊತ್ತು ಮಾಡಬೇಡಿ. ಸಮತೋಲಕ್ಕೆ ಭಾರ ಬೇಕಾದರೆ ತೆಗೆಯಬಹುದಾದ ಸಿಮೆಂಟ್ ಬ್ಲಾಕ್ ಇಡಿ. ತಳಕ್ಕೆ ಕಾಂಕ್ರೀಟ್ ಸುರಿದರೆ ಅದರಡಿಯ ತುಕ್ಕು ಎಂದೂ ಕಾಣುವುದಿಲ್ಲ.

ಹಂತ 9: ಒಳಗಿನ ಕೆಲಸ

ಇಲ್ಲಿ ಚಳಿಯ ಚಿಂತೆಯಿಲ್ಲ, ಶತ್ರು ಬಿಸಿಲು ಮತ್ತು ಬೂಸ್ಟು. ಛಾವಣಿಯನ್ನು ಎರಡು ಪದರ ಮಾಡಿ ನಡುವೆ 75 ಮಿ.ಮೀ. ಗಾಳಿಯಾಡುವ ಸಂದು ಬಿಡಿ. ಗೋಡೆಗೆ ಫೋಮ್ ಹೊಡೆಸುವುದಾದರೆ ವೆಲ್ಡಿಂಗ್ ಎಲ್ಲ ಮುಗಿದ ಮೇಲೆ, ಅದು ಹೊತ್ತಿಕೊಂಡರೆ ನಂದಿಸುವುದು ಕಷ್ಟ. ನೆಲದ ಅಡಿಗೆ ಫೋಮ್ ಬೇಡ. ಅಲ್ಲಿ ತಿಳಿ ಬಣ್ಣದ ಎಪಾಕ್ಸಿ ಬಳಿದು, ಎತ್ತಿ ನೋಡಬಹುದಾದ ಹಲಗೆ ಹಾಸಿ.

ಪ್ಲೈವುಡ್ ಮೇಲೆ ಐಎಸ್ 710 ಮುದ್ರೆ ಇರಲಿ, ಅದೇ ಮರೀನ್ ದರ್ಜೆ. ಐಎಸ್ 303 ಎಂದಿದ್ದರೆ ಅದು ಮನೆಬಳಕೆಯದು. ಕತ್ತರಿಸಿದ ಪ್ರತಿ ಅಂಚಿಗೂ ಎಪಾಕ್ಸಿ ಕುಡಿಸಿ.

ಹಂತ 10: ವಿದ್ಯುತ್

ಮೂರು ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ) ಫ್ಯಾನ್, ಒಂದು ಚಿಕ್ಕ ಫ್ರಿಜ್, ದೀಪ, ಪಂಪ್ ಸೇರಿ ದಿನಕ್ಕೆ ಸುಮಾರು ಎರಡೂವರೆ ಯೂನಿಟ್. ಎರಡು ಮೋಡದ ದಿನಗಳಿಗೆ 24 ವೋಲ್ಟ್, 200 ಆಂಪಿಯರ್-ಗಂಟೆಯ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಸಾಕು. ಆಟಿಯ ಮಳೆಯಲ್ಲಿ ಸೋಲಾರ್ ನೆಚ್ಚಿಕೊಳ್ಳಬೇಡಿ, ದಡದ ಕರೆಂಟ್ ಬೇಕೇ ಬೇಕು.

- ಬ್ಯಾಟರಿಯ ಪ್ಲಸ್ ತುದಿಯಿಂದ 20 ಸೆಂ.ಮೀ. ಒಳಗೇ ಫ್ಯೂಸ್.
- ದೋಣಿಯ ಒಡಲನ್ನು ಮೈನಸ್ ತಂತಿಯಾಗಿ ಬಳಸಬೇಡಿ, ಲಾರಿಯ ವೈರಿಂಗ್ ಮಾಡುವವರು ಹಾಗೆ ಮಾಡಿಬಿಡುತ್ತಾರೆ.
- ತವರ ಲೇಪಿಸಿದ ತಾಮ್ರದ ತಂತಿ. 10 ಮೀಟರ್ ದೂರದ ಫ್ರಿಜ್ಜಿಗೆ 10 ಆಂಪಿಯರ್ ಹೋಗಬೇಕಾದರೆ 4 ಚದರ ಮಿ.ಮೀ. ತಂತಿಯಲ್ಲಿ 0.9 ವೋಲ್ಟ್ ನಷ್ಟ, 6ರದ್ದು ಹಾಕಿದರೆ 0.6. ಎರಡನೆಯದು ಸರಿ.
- ಮೆಸ್ಕಾಂ ಸಂಪರ್ಕಕ್ಕೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಮತ್ತು ಗ್ಯಾಲ್ವಾನಿಕ್ ಐಸೋಲೇಟರ್. ಈ ಎರಡನೆಯದು ಇಲ್ಲದಿದ್ದರೆ ಅರ್ಥ್ ತಂತಿಯ ಮೂಲಕ ಪಕ್ಕದ ದೋಣಿಗಳ ಜೊತೆ ಸೇರಿ ನಿಮ್ಮ ಆನೋಡ್ ಅವರ ತಳವನ್ನೂ ಕಾಯತೊಡಗುತ್ತದೆ.
- ತಳದ ನೀರೆತ್ತುವ ಪಂಪ್ ಎರಡು, ಫ್ಲೋಟ್ ಸ್ವಿಚ್ ಸಹಿತ, ಮೇನ್ ಸ್ವಿಚ್ ಆರಿಸಿದರೂ ನಡೆಯುವಂತೆ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ.

ಹಂತ 11: ಗ್ಯಾಸ್ ಮತ್ತು ಶೌಚ

ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಬಾಗಿಲಿನಿಂದ ಹೊರಹೋಗುವುದು ದೋಣಿಯಲ್ಲಿ ತಳದಲ್ಲಿ ಕೂರುತ್ತದೆ, ಪಂಪಿನ ಒಂದು ಕಿಡಿ ಸಾಕು. ಸಿಲಿಂಡರ್ ಡೆಕ್ಕಿನ ಮೇಲೆ, ಒಳಕ್ಕೆ ಸಂದಿಲ್ಲದ ಪೆಟ್ಟಿಗೆಯಲ್ಲಿರಬೇಕು. ಪೆಟ್ಟಿಗೆಯ ತಳದಿಂದ ಹೊರಕ್ಕೆ, ನೀರಿನ ಮಟ್ಟಕ್ಕಿಂತ ಮೇಲೆ ತೂತಿರಬೇಕು.

ಶೌಚದ ನೀರು ನದಿಗೆ ಹೋಗಬಾರದು, 1974ರ ಜಲ ಕಾಯ್ದೆಯಲ್ಲೇ ನಿಷೇಧವಿದೆ. 300 ಲೀಟರಿನ ಸಂಗ್ರಹ ಟ್ಯಾಂಕ್ ಇಡಿ. ಅದರ ಹೊರಬಾಯಿ ಧಕ್ಕೆಯ (ದೋಣಿ ನಿಲ್ಲುವ ಕಟ್ಟೆಯ) ಕಡೆಗಿರಲಿ, ಸಕ್ಕಿಂಗ್ ಲಾರಿಯ ಪೈಪ್ ಅಲ್ಲಿಗೆ ತಲುಪುತ್ತದೆಯೇ ಎಂದು ಮೊದಲೇ ಅಳೆದು ನೋಡಿ.

ಹಂತ 12: ನೀರಿಗಿಳಿಸುವುದು

ಮತ್ತೆ ದೊಡ್ಡ ಉಬ್ಬರದ ದಿನ, ಬೆಳಗಿನ ಹೊತ್ತು. ಎಲ್ಲ ಸೀ ಕಾಕ್ ಮುಚ್ಚಿರಲಿ. ತೇಲಿದ ಕೂಡಲೇ ಹಗ್ಗ ಬಿಚ್ಚಬೇಡಿ, ಪ್ರತಿ ಕೋಣೆಯ ನೆಲಹಲಗೆ ಎತ್ತಿ ಟಾರ್ಚಿನಲ್ಲಿ ನೋಡಿ. ನಂತರ ಒಂದೊಂದೇ ಸೀ ಕಾಕ್ ತೆರೆದು ನೋಡಿ. ಅರ್ಧ ಗಂಟೆಗೆ, ಎರಡು ಗಂಟೆಗೆ, ರಾತ್ರಿ ಮಲಗುವ ಮೊದಲು ಮತ್ತೆ. ಶಾಫ್ಟಿನ ಗ್ಲ್ಯಾಂಡಿನಿಂದ (ಶಾಫ್ಟ್ ಒಡಲಿನಿಂದ ಹೊರಹೋಗುವ ಕಡೆ ನೀರು ತಡೆಯುವ ಭಾಗ) ಓಡುವಾಗ ನಿಮಿಷಕ್ಕೆ ಎರಡು ಮೂರು ಹನಿ ಬೀಳುವುದು ಸರಿ. ಪೂರ್ತಿ ನಿಲ್ಲುವವರೆಗೆ ಬಿಗಿದರೆ ಶಾಫ್ಟ್ ಸುಟ್ಟು ಸವೆಯುತ್ತದೆ.

ನಾಲ್ಕು ಮೂಲೆಗಳಲ್ಲೂ ಡೆಕ್ಕಿನಿಂದ ನೀರಿಗಿರುವ ಎತ್ತರ ಅಳೆದು ತೂಕದ ಪುಸ್ತಕದ ಲೆಕ್ಕಕ್ಕೆ ಹೋಲಿಸಿ. ಎಂಜಿನ್ ಮತ್ತು ಶಾಫ್ಟಿನ ಜೋಡಣೆಯನ್ನು ದಡದಲ್ಲಿ ಎಷ್ಟೇ ಸರಿ ಮಾಡಿದ್ದರೂ, ಎರಡು ದಿನ ತೇಲಿ ಒಡಲು ತನ್ನ ಆಕಾರಕ್ಕೆ ಬಂದ ಮೇಲೆ ಸಂದು ಅಳೆಯುವ ಫೀಲರ್ ಗೇಜ್ ಹಿಡಿದು ಮತ್ತೆ ನೋಡಬೇಕು. ಎರಡನ್ನೂ ಕೂಡಿಸುವ ಕಪ್ಲಿಂಗ್ ಸುತ್ತ ಸಂದಿನ ವ್ಯತ್ಯಾಸ 0.1 ಮಿ.ಮೀ. ಮೀರಬಾರದು. ಆರು ತಿಂಗಳಿಗೊಮ್ಮೆ ನೀರಲ್ಲಿ ಮುಳುಗಿ ಕೆಲಸ ಮಾಡುವವರನ್ನು ಇಳಿಸಿ ಆನೋಡ್ ನೋಡಿಸಿ, ಅರ್ಧ ಕರಗಿದ್ದರೆ ಮುಂದಿನ ನವೆಂಬರಿಗೆ ಯಾರ್ಡಿನಲ್ಲಿ ಹೆಸರು ಬರೆಸಿಡಿ.